ಖ್ವಾಜಾ ಮಹಮೂದ ಗವಾನನೂ ಬೀದರದ ವಿದ್ಯಾಮಂದಿರವೂ

ಬೀದರ ನಗರದ ಚೌಬಾರಾ ಬುರುಜಿನಿಂದ ಕೋಟೆಯ ಬಾಗಿಲಿನ ಕಡೆಗೆ ಸಾಗುವ ಬೀದಿಯಲ್ಲಿ, ಅರ್ಧ ಉಳಿದು ಅರ್ಧ ಅಳಿದ ಭವ್ಯ ಸೌಧವೊಂದು ನಿಂತಿದೆ. ಅದರ ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಇಂದಿಗೂ ತಲೆಯೆತ್ತಿ ನಿಂತಿದ್ದು, ಮತ್ತೊಂದು ಎಂದೋ ನೆಲಕ್ಕೆ ಉರುಳಿತು. 1472ನೆಯ ಇಸವಿಯಲ್ಲಿ ಪೂರ್ಣಗೊಂಡ ಈ ಕಟ್ಟಡವು ವಿದ್ಯಾರ್ಥಿಗಳು ಅಲ್ಲಿಯೇ ವಾಸಿಸಿ, ಉಂಡು, ಓದಿ ಪಂಡಿತರಾಗಲೆಂದು ಒಬ್ಬ ಮಂತ್ರಿಯು ಕಟ್ಟಿಸಿದ ಶಾಲೆ. ಆ ಮಂತ್ರಿಯೇ ಖ್ವಾಜಾ ಮಹಮೂದ ಗವಾನನು. ಬಹಮನಿ ರಾಜ್ಯವನ್ನು ಅರಬ್ಬೀ ಸಮುದ್ರದಿಂದ ಪೂರ್ವ ಸಮುದ್ರದವರೆಗೆ ಹಬ್ಬಿಸಿದ ದಂಡನಾಯಕನೂ ಇವನೇ, ಹೊಲಗಳನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದ ಆಡಳಿತಗಾರನೂ ಇವನೇ. ಆದರೂ ಜನರ ನಾಲಗೆಯ ಮೇಲೆ ಅವನ ಹೆಸರು ಇಂದಿಗೂ ನಿಂತಿರುವುದು ಈ ಕಟ್ಟಡದ ಹೆಸರಾಗಿಯೇ.

ಗವಾನನು ಹುಟ್ಟಿದುದು ಪಾರಸೀಕ ದೇಶದ ಗೀಲಾನ ಪ್ರಾಂತದಲ್ಲಿ, 1411ನೆಯ ಇಸವಿಯ ಸುಮಾರಿಗೆ. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಆ ಪ್ರಾಂತದಲ್ಲಿ ಗಾವಾನ ಎಂಬ ಹಳ್ಳಿಯು ಅವನ ಮೂಲವಾದುದರಿಂದ ಆ ಹೆಸರೇ ಅವನಿಗೆ ಅಂಟಿಕೊಂಡಿತು. ಅವನ ಮನೆತನದವರು ಅಲ್ಲಿಯ ಅರಸರಿಗೆ ಮಂತ್ರಿಗಳಾಗಿದ್ದವರು. ಅರಮನೆಯ ಒಳಸಂಚುಗಳಿಂದ ಅವನು ಹುಟ್ಟೂರನ್ನು ತೊರೆಯಬೇಕಾಯಿತು. ಬೇರೆ ದೊರೆಗಳು ಮಂತ್ರಿಪದವನ್ನು ನೀಡಲು ಮುಂದೆ ಬಂದರೂ ಅವನು ಒಲ್ಲೆನೆಂದು ವ್ಯಾಪಾರವನ್ನು ಹಿಡಿದನೆಂದು ಇತಿಹಾಸಕಾರನಾದ ಫರಿಶ್ತಾ ಬರೆದಿದ್ದಾನೆ. ರಾಜಸೇವೆಯ ಅಪಾಯವನ್ನು ಚಿಕ್ಕಂದಿನಲ್ಲಿಯೇ ಕಂಡವನಿಗೆ ತಕ್ಕಡಿಯೇ ಕತ್ತಿಗಿಂತ ನೆಮ್ಮದಿಯೆಂದು ತೋರಿದುದು ಸಹಜವೇ. ಸರಕಿನೊಡನೆ ಊರೂರು ಅಲೆಯುತ್ತ, ವಿದ್ವಾಂಸರು ಎಲ್ಲಿರುವರೋ ಅಲ್ಲಿ ತಂಗಿ ಪಾಠ ಕೇಳುತ್ತ, ಕೈರೋ ದಮಾಸ್ಕಸ್ ನಗರಗಳವರೆಗೂ ಅವನು ಹೋಗಿ ಬಂದನು. ಗಣಿತ, ವೈದ್ಯ, ಪತ್ರಲೇಖನ, ಕಾವ್ಯ ಇವುಗಳಲ್ಲಿ ಅವನು ಪಡೆದ ಪರಿಣತಿಯು ಇಂತಹ ಸಂಚಾರದ ಫಲವೇ ಆಗಿದ್ದಿತು.

1453ರಲ್ಲಿ, ನಲವತ್ತನ್ನು ದಾಟಿದ ವಯಸ್ಸಿನಲ್ಲಿ, ಅವನು ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದನು. ಬೀದರದಲ್ಲಿದ್ದ ಸಂತನಾದ ಷಾಹ ಮುಹಿಬುಲ್ಲಾನ ದರ್ಶನವನ್ನು ಪಡೆದು ಅಲ್ಲಿಂದ ದಿಲ್ಲಿಗೆ ಹೋಗಬೇಕೆಂಬುದು ಅವನ ಸಂಕಲ್ಪ. ಆದರೆ ಸುಲ್ತಾನ ಎರಡನೆಯ ಅಲಾವುದ್ದೀನ ಅಹಮದನು ಈ ಪರದೇಶಿ ವರ್ತಕನ ಮಾತುಗಾರಿಕೆಗೂ ವಿದ್ವತ್ತಿಗೂ ಮೆಚ್ಚಿ ಅವನನ್ನು ಆಸ್ಥಾನದಲ್ಲಿಯೇ ನಿಲ್ಲಿಸಿಕೊಂಡನು. ದಿಲ್ಲಿಯ ಪ್ರಯಾಣವು ಅಲ್ಲಿಗೇ ನಿಂತಿತು. ವ್ಯಾಪಾರಕ್ಕೆ ಬಂದವನು ಸಾವಿರ ಕುದುರೆಗಳ ಸರದಾರನಾದನು; ತೆಲಂಗಾಣದ ನಲಗೊಂಡದಲ್ಲಿ ಎದ್ದ ದಂಗೆಯನ್ನು ಅಡಗಿಸಲು ಸುಲ್ತಾನನು ಅವನನ್ನೇ ಕಳುಹಿಸಿದನು.

ಅಂದಿನ ಬೀದರವು ಎಂತಹ ಊರಾಗಿದ್ದಿತೆಂಬುದನ್ನು ಇಲ್ಲಿ ತಿಳಿದುಕೊಳ್ಳಬೇಕು. ಮುದನಾಳ, ಯಾದಗಿರಿಗಳಿಂದ ಬೀದರಕ್ಕೆ ಹೋಗುವವರು ಕಲಬುರಗಿಯ ಮೇಲೆಯೇ ಸಾಗುವುದು ವಾಡಿಕೆ. ಬಹಮನಿಗಳ ರಾಜಧಾನಿಯೂ ಹಾಗೆಯೇ ಕಲಬುರಗಿಯಿಂದ ಬೀದರಕ್ಕೆ ಸಾಗಿದ್ದಿತು. ಆ ಬದಲಾವಣೆಯನ್ನು ಮಾಡಿದವನು 1422ರಲ್ಲಿ ಪಟ್ಟವೇರಿದ ಅಹಮದ ಷಾಹನು. ಬಹಮನಿ ಅರಸರಲ್ಲಿ ವಿದ್ಯಾಪಕ್ಷಪಾತಿಗಳು ಇಲ್ಲದಿರಲಿಲ್ಲ. 1378ರಿಂದ 1397ರವರೆಗೆ ಆಳಿದ ಎರಡನೆಯ ಮಹಮ್ಮದ ಷಾಹನು ಕಲಬುರಗಿ, ಬೀದರ, ದೌಲತಾಬಾದ, ಚೌಲ, ದಾಭೋಳ ಮೊದಲಾದ ಎಡೆಗಳಲ್ಲಿ ಅನಾಥ ಬಾಲಕರಿಗಾಗಿ ಶಾಲೆಗಳನ್ನು ತೆರೆದಿದ್ದನು. ಫಿರೋಜ ಷಾಹನಂತೂ ವಾರದಲ್ಲಿ ಮೂರು ದಿನ ತಾನೇ ಕುಳಿತು ಪಾಠ ಹೇಳುತ್ತಿದ್ದನೆಂಬ ಕೀರ್ತಿಯುಳ್ಳವನು. ಆದರೆ ಅರಸನ ಒಲವಿನಿಂದ ನಡೆಯುವ ವಿದ್ಯೆಯು ಅರಸನೊಡನೆಯೇ ಮುಗಿಯುತ್ತದೆ. ಹೊಸ ರಾಜಧಾನಿಯಲ್ಲಿ ಕೋಟೆಯೆದ್ದಿತು, ಅರಮನೆಗಳೆದ್ದವು, ಅಷ್ಟೂರಿನಲ್ಲಿ ಸುಲ್ತಾನರ ಗೋರಿಗಳೂ ಸಾಲಾಗಿ ಎದ್ದವು; ಆ ವೈಭವಕ್ಕೆ ತಕ್ಕ ವಿದ್ಯಾಮಂದಿರವು ಮಾತ್ರ ಇನ್ನೂ ಎದ್ದಿರಲಿಲ್ಲ.

ಊರಿಗೆ ಇದಕ್ಕಿಂತ ದೊಡ್ಡ ಕೊರತೆಯೊಂದಿದ್ದಿತು. ಆಸ್ಥಾನದಲ್ಲಿ ಎರಡು ಬಣಗಳು. ಇರಾನ, ಇರಾಕ, ತುರ್ಕಸ್ತಾನಗಳಿಂದ ಹೊಸದಾಗಿ ಬಂದವರು ಆಫಾಕಿಗಳು. ತಲೆಮಾರುಗಳ ಹಿಂದೆಯೇ ಬಂದು ನೆಲೆಸಿದವರೂ ಇಲ್ಲಿಯೇ ಹುಟ್ಟಿದವರೂ ದಖನಿಗಳು. ಅಬಿಸೀನಿಯಾದಿಂದ ಬಂದ ಹಬಸಿಗಳು ಹೆಚ್ಚಾಗಿ ದಖನಿಗಳ ಕಡೆಗಿದ್ದರು. ಒಬ್ಬನಿಗೆ ದೊರೆತ ಉಂಬಳಿಯು ಮತ್ತೊಬ್ಬನಿಗೆ ಆದ ಅಪಮಾನವೆಂದು ಎಣಿಸುವ ಕಾಲವದು. ಈ ಒಳಜಗಳದಲ್ಲಿ ರಕ್ತವೂ ಹರಿದಿದ್ದಿತು. ಗವಾನನು ಹುಟ್ಟಿನಿಂದ ಆಫಾಕಿ. ತಾನು ಎರಡು ಬಣಗಳಿಗೂ ಸಲ್ಲುವವನಾಗಬೇಕೆಂದು ಅವನು ಜೀವಮಾನವೆಲ್ಲ ಹೆಣಗಿದನು.

1458ರಿಂದ 1461ರವರೆಗೆ ಆಳಿದ ಹುಮಾಯೂನನು ಕ್ರೂರಿಯೆಂದು ಹೆಸರಾದವನು. ಅವನ ಕಾಲದಲ್ಲಿಯೇ ಗವಾನನಿಗೆ ಮಲಿಕ್-ಉತ್-ತುಜ್ಜಾರ, ಎಂದರೆ ವರ್ತಕರ ಒಡೆಯ, ಎಂಬ ಬಿರುದೂ ಬಿಜಾಪುರ ಪ್ರಾಂತದ ಅಧಿಕಾರವೂ ದೊರೆತವು. ಹುಮಾಯೂನನು ಸತ್ತಾಗ ಪಟ್ಟಕ್ಕೆ ಬಂದವನು ಎಂಟು ವರ್ಷದ ಬಾಲಕ. ಎರಡು ವರ್ಷಗಳಲ್ಲಿ ಅವನೂ ತೀರಿಕೊಂಡು, 1463ರಲ್ಲಿ ಅವನ ತಮ್ಮನಾದ ಮೂರನೆಯ ಮಹಮ್ಮದನಿಗೆ ಪಟ್ಟವಾಯಿತು. ಈ ಎಳೆಯ ಸುಲ್ತಾನರ ಕಾಲದಲ್ಲಿ ರಾಜ್ಯವನ್ನು ಕಾದವರು ರಾಜಮಾತೆಯಾದ ನರ್ಗೀಸ್ ಬೇಗಮಳು ಮತ್ತು ಅವಳಿಗೆ ನೆರವಾದ ಇಬ್ಬರು ಮಂತ್ರಿಗಳು. ಮಾಳವದ ಸುಲ್ತಾನನು ದಂಡೆತ್ತಿ ಬಂದು ಬೀದರವನ್ನೇ ಮುತ್ತಿದಾಗ ಗುಜರಾತಿನ ಸುಲ್ತಾನನ ನೆರವನ್ನು ಪಡೆದು ರಾಜಧಾನಿಯನ್ನು ಉಳಿಸಿದವನು ಗವಾನನು. 1466ರ ಹೊತ್ತಿಗೆ ಅವನೇ ಪ್ರಧಾನಮಂತ್ರಿಯಾದನು. ಅಲ್ಲಿಂದ ಹದಿನೈದು ವರ್ಷ ಬಹಮನಿ ರಾಜ್ಯದ ಆಡಳಿತಸೂತ್ರವು ಅವನ ಕೈಯಲ್ಲಿದ್ದಿತು.

ಅವನ ದಂಡಯಾತ್ರೆಗಳ ವಿವರ ಇಲ್ಲಿ ಬೇಕಿಲ್ಲ. 1469ರಿಂದ ಮೂರು ವರ್ಷ ಕೊಂಕಣದ ಕಾಡುಕಣಿವೆಗಳಲ್ಲಿ ಕಾದಾಡಿ, 1472ರಲ್ಲಿ ವಿಜಯನಗರದ ಕೈಯಿಂದ ಗೋವೆಯನ್ನು ಕಸಿದುಕೊಂಡನು. ಅನಂತರ ಬೆಳಗಾವಿಯ ಕೋಟೆಯೂ ಬಿದ್ದಿತು. ಕನ್ನಡನಾಡಿನ ಇತಿಹಾಸವನ್ನು ಓದುವವರಿಗೆ ಇವು ಸಂತೋಷದ ವಾರ್ತೆಗಳಲ್ಲ. ಆದರೆ ಆ ಬಳಿಕ ಅವನು ಮಾಡಿದ ಆಡಳಿತದ ಸುಧಾರಣೆಗಳು ನಮ್ಮ ಭಾಗದ ಹೊಲಗದ್ದೆಗಳಿಗೂ ಮುಟ್ಟಿದವು. ನಾಲ್ಕು ದೊಡ್ಡ ಪ್ರಾಂತಗಳಾಗಿದ್ದ ರಾಜ್ಯವನ್ನು ಅವನು ಎಂಟಾಗಿ ಒಡೆದನು. ಕಲಬುರಗಿಯ ಪ್ರಾಂತವು ಸಗರದಿಂದ ನಳದುರ್ಗ, ಸೋಲಾಪುರಗಳವರೆಗೆ ಹರಡಿದ್ದಿತು; ಈ ಸಗರವೇ ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಸಗರ. ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆಯನ್ನು ಬಿಟ್ಟು ಉಳಿದವುಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸುವಂತೆ ಮಾಡಿದನು. ಭೂಮಿಯನ್ನು ಅಳೆಯಿಸಿ ಊರಗಡಿಗಳನ್ನು ಗೊತ್ತುಪಡಿಸಿದನು. ಐನೂರು ಸವಾರರನ್ನು ಇರಿಸಿಕೊಳ್ಳುವ ಸರದಾರನಿಗೆ ವರ್ಷಕ್ಕೆ ಒಂದು ಲಕ್ಷ ಹೊನ್ನು ಇದ್ದುದನ್ನು ಒಂದೂಕಾಲು ಲಕ್ಷಕ್ಕೆ ಏರಿಸಿದನು. ಆದರೆ ಎಣಿಕೆಯಲ್ಲಿ ಸವಾರರು ಕಡಿಮೆಯಾದರೆ ಅಷ್ಟು ಹಣವನ್ನು ಮುರಿದುಕೊಳ್ಳುವ ಕಟ್ಟಳೆಯನ್ನೂ ಜೊತೆಗೆ ಇಟ್ಟನು. ಕಾಗದದ ಮೇಲೆ ಸೈನ್ಯವನ್ನು ಸಾಕುತ್ತಿದ್ದ ಸರದಾರರಿಗೆ ಇದು ಹೇಗೆ ರುಚಿಸೀತು? ಅವನ ಸಾವಿನ ಬೀಜವು ಇಲ್ಲಿಯೇ ಬಿದ್ದಿತೆನ್ನಬಹುದು.

ಇಷ್ಟು ಕೆಲಸಗಳ ನಡುವೆಯೇ ಅವನು ವಿದ್ಯಾಮಂದಿರವನ್ನು ಕಟ್ಟಿಸಿದನು. ಆರಿಸಿದ ಸ್ಥಳವೇ ಅವನ ಮನಸ್ಸನ್ನು ತಿಳಿಸುತ್ತದೆ. ಕೋಟೆಯೊಳಗೆ ಕಟ್ಟಿಸಿದ್ದರೆ ಅದು ಅರಮನೆಯ ಒಡವೆಯಾಗುತ್ತಿದ್ದಿತು. ಊರ ಹೊರಗೆ ಕಟ್ಟಿಸಿದ್ದರೆ ಸಂತರ ಆಶ್ರಮವಾಗುತ್ತಿದ್ದಿತು. ಅವನು ಇವೆರಡನ್ನೂ ಬಿಟ್ಟು, ಪೇಟೆಯ ನಡುವಿನ ಚೌಬಾರಕ್ಕೂ ಕೋಟೆಗೂ ಮಧ್ಯದಲ್ಲಿ, ಆಳುವವರೂ ಮಾರುವವರೂ ದಿನವೂ ಹಾದುಹೋಗುವ ಬೀದಿಯಲ್ಲಿ ಎತ್ತರದ ಕಟ್ಟೆಯನ್ನು ಹಾಕಿಸಿ ಅದರ ಮೇಲೆ ಕಟ್ಟಡವನ್ನು ನಿಲ್ಲಿಸಿದನು. ಬೀದರದ ಬಾಳಿಗೆ ಹೊಸ ನಡುಮನೆಯೊಂದು ಒದಗಿತು.

ಕಟ್ಟಡವು ಪೂರ್ವಪಶ್ಚಿಮವಾಗಿ 205 ಅಡಿ, ದಕ್ಷಿಣೋತ್ತರವಾಗಿ 180 ಅಡಿ ಅಳತೆಯದು, ಮೂರು ಅಂತಸ್ತು. ಮುಖವು ಪೂರ್ವಕ್ಕೆ. ಮುಂಭಾಗದ ಎರಡು ತುದಿಗಳಲ್ಲಿ ಎರಡು ಮಿನಾರುಗಳು. ಉಳಿದಿರುವ ಒಂದರ ಎತ್ತರ ಸುಮಾರು 131 ಅಡಿ. ನಟ್ಟನಡುವೆ ನೂರು ಅಡಿಯ ಚೌಕಾಕಾರದ ತೆರೆದ ಅಂಗಳ. ಈ ಅಂಗಳವೇ ಇಡೀ ಕಟ್ಟಡದ ಉಸಿರು. ಮಗ್ಗುಲುಗಳ ನಡುವೆ ಮೂರಂತಸ್ತಿನ ಎತ್ತರಕ್ಕೂ ಏರಿದ ಕಮಾನುಗಳ ವಿಶಾಲವಾದ ಪಾಠಶಾಲೆಗಳು ಅಂಗಳಕ್ಕೆ ಬಾಯ್ದೆರೆದು ನಿಂತಿವೆ. ಹೊರಮೈಯಲ್ಲಿ ಅವು ಅರೆ ಎಂಟುಮೂಲೆಯ ಆಕಾರದಲ್ಲಿ ಮುಂಚಾಚಿ ಗುಮ್ಮಟಗಳನ್ನು ಹೊತ್ತಿವೆ. ಅವುಗಳ ಎಡಬಲಗಳಲ್ಲಿ ಅಂತಸ್ತು ಅಂತಸ್ತಾಗಿ ವಾಸದ ಕೋಣೆಗಳು. ವಿದ್ಯಾರ್ಥಿಗಳಿಗೆ 36 ಕೋಣೆಗಳೂ ಅಧ್ಯಾಪಕರಿಗೆ 6 ವಸತಿಗಳೂ ಇದ್ದವೆಂದು ಲೆಕ್ಕ. ಕೋಣೆಗಳಿಗೆ ಗಾಳಿ ಬೆಳಕುಗಳು ಧಾರಾಳವಾಗಿ ಬರುವಂತೆ ಕಿಟಕಿ ಕಮಾನುಗಳನ್ನು ಇರಿಸಿರುವುದನ್ನು ಇಂದಿಗೂ ಅಲ್ಲಿ ನಿಂತವರು ಕಾಣಬಹುದು. ಮುಂಭಾಗದ ಎರಡು ಬದಿಗಳಲ್ಲಿ ಮಸೀದಿಯೂ ಗ್ರಂಥಭಂಡಾರವೂ ಇದ್ದವು. ಕೋಣೆಯ ಬಾಗಿಲನ್ನು ತೆರೆದ ಹುಡುಗನ ಕಣ್ಣಿಗೆ ಮೊದಲು ಬೀಳುವುದು ಅಂಗಳ. ಎದುರಿಗೆ ಗುರುವಿನ ಪೀಠ. ಓದಿಗೂ ಪ್ರಾರ್ಥನೆಗೂ ಊಟಕ್ಕೂ ಅವನು ಆ ಅಂಗಳವನ್ನೇ ದಾಟಿ ಹೋಗಬೇಕು. ಕಲಿಯುವವರೂ ಕಲಿಸುವವರೂ ದಿನಕ್ಕೆ ಹತ್ತು ಬಾರಿಯಾದರೂ ಪರಸ್ಪರ ಮುಖ ನೋಡುವಂತೆ ಮಾಡುವ ಈ ರಚನೆಯ ಬೆಲೆಯನ್ನು ಶಾಲೆ ಕಟ್ಟಿಸುವವರು ಬಲ್ಲರು.

ಈ ಮಾದರಿಯು ಬೀದರದ್ದಲ್ಲ. ಅಂಗಳದ ನಾಲ್ಕು ಮಗ್ಗುಲಿಗೂ ನಾಲ್ಕು ಮಹಾಕಮಾನುಗಳನ್ನು ಎತ್ತುವ ಪದ್ಧತಿಯು ಸಮರಖಂಡದಲ್ಲಿ 1420ರಲ್ಲಿ ಪೂರ್ಣಗೊಂಡ ಉಲುಗ್ ಬೇಗನ ವಿದ್ಯಾಶಾಲೆಯಲ್ಲಿಯೂ ಖುರಾಸಾನದ ಖರ್ಗಿರ್ದದಲ್ಲಿಯೂ ಕಾಣಬರುವಂಥದು. ಗವಾನನು ತಾನು ತೊರೆದು ಬಂದ ನಾಡಿನ ಕಟ್ಟಡಕಲೆಯನ್ನು ದಖನಿನ ಕಲ್ಲಿನಲ್ಲಿ ಮರಳಿ ಎಬ್ಬಿಸಿದನು. ಕಲ್ಲುಗಾರೆಯ ಆ ಗೋಡೆಗಳ ಮೇಲೆ ನೀಲಿ, ಹಸಿರು, ಹಳದಿ, ಬಿಳಿಯ ಮೆರುಗಿನ ಬಿಲ್ಲೆಗಳನ್ನು ಕೂಡಿಸಿ, ಬಳ್ಳಿ ಹೂಗಳನ್ನೂ ಕುರಾನಿನ ವಾಕ್ಯಗಳನ್ನೂ ಬಿಡಿಸಲಾಗಿದ್ದಿತು. ಆ ಅಕ್ಷರಗಳನ್ನು ಬರೆದ ಲಿಪಿಕಾರನ ಹೆಸರು ಅಲಿ ಅಲ್-ಸೂಫಿ. ಮಿನಾರಿನ ಮೈಮೇಲೆ ಅಲೆಯಲೆಯಾಗಿ ಸಾಗುವ ಬಣ್ಣದ ಪಟ್ಟಿಗಳ ಅವಶೇಷವನ್ನು ಇಂದಿಗೂ ಗುರುತಿಸಬಹುದು. ಐದು ಶತಮಾನಗಳ ಮಳೆ ಬಿಸಿಲುಗಳ ಬಳಿಕ ಉಳಿದಿರುವ ತುಣುಕುಗಳೇ ಇಷ್ಟು ಹೊಳೆಯುವಾಗ, ಹೊಸದಾಗಿದ್ದಾಗ ಬೆಳಗಿನ ಬಿಸಿಲಿಗೆ ಎದುರಾದ ಆ ಪೂರ್ವಮುಖವು ಹೇಗೆ ಕಂಡಿರಬೇಕು!

ವಿದ್ಯಾರ್ಥಿಗಳಿಗೆ ಊಟವೂ ವಸತಿಯೂ ಉಚಿತ. ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಅಚ್ಚಿನ ಯಂತ್ರವಿಲ್ಲದ ನಾಡಿನಲ್ಲಿ ಒಂದೊಂದು ಪ್ರತಿಯನ್ನೂ ಕೈಯಿಂದ ಬರೆಯಿಸಿ, ಹಡಗಿನಲ್ಲಿ ತರಿಸಿ, ಎತ್ತು ಕುದುರೆಗಳ ಮೇಲೆ ಘಟ್ಟ ಹತ್ತಿಸಿ ಕೂಡಿಹಾಕುವುದೆಂದರೆ ಸಾಮಾನ್ಯ ಉದ್ಯೋಗವಲ್ಲ. ಪಾಠ ಹೇಳಲು ದೂರದೇಶಗಳ ಪಂಡಿತರನ್ನು ಪತ್ರ ಬರೆದು ಕರೆಸಿದನು. ಪಾರಸಿ ಭಾಷೆಯ ಮಹಾಕವಿಯಾದ ಹೇರಾತಿನ ಜಾಮಿಗೂ ಅವನಿಂದ ಆಹ್ವಾನ ಹೋಗಿದ್ದಿತು. ಜಾಮಿಯು ಬರಲಿಲ್ಲವಾದರೂ ಅವರಿಬ್ಬರ ಪತ್ರವ್ಯವಹಾರವು ನಡೆದಿದ್ದಿತು. ತುರ್ಕಿಯ ಸುಲ್ತಾನನಾದ ಎರಡನೆಯ ಮೆಹಮದನಿಗೂ ಗವಾನನು ಬರೆದ ಪತ್ರಗಳುಂಟು. ಅವನ ಪತ್ರಗಳ ಸಂಗ್ರಹವು ರಿಯಾಜುಲ್ ಇನ್ಷಾ ಎಂಬ ಹೆಸರಿನಿಂದ ಉಳಿದುಬಂದಿದೆ. ಪತ್ರಲೇಖನದ ಕಲೆಯನ್ನು ಕುರಿತು ಮನಾಜಿರುಲ್ ಇನ್ಷಾ ಎಂಬ ಗ್ರಂಥವನ್ನೂ ಅವನು ರಚಿಸಿದನು.

ಗವಾನನ ಬಾಳುವೆಯ ಬಗೆಗೆ ಎರಡು ವಿಧದ ಸಾಕ್ಷ್ಯಗಳು ದೊರೆಯುತ್ತವೆ. ಆ ದಿನಗಳಲ್ಲಿಯೇ ಬೀದರಕ್ಕೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು ಮಲಿಕ್-ಉತ್-ತುಜ್ಜಾರನ ಪಂಕ್ತಿಯಲ್ಲಿ ದಿನವೂ ಐನೂರು ಮಂದಿ ಉಣ್ಣುತ್ತಿದ್ದರೆಂದೂ, ಅವನ ಲಾಯದಲ್ಲಿ ಸಾವಿರಗಟ್ಟಲೆ ಕುದುರೆಗಳಿದ್ದವೆಂದೂ ಬರೆದಿದ್ದಾನೆ. ಅದೇ ನಿಕಿತಿನನು ಈ ನಾಡಿನ ಸರದಾರರು ಬಲು ಸಿರಿವಂತರು, ಹಳ್ಳಿಯ ಜನರು ಬಲು ಬಡವರು ಎಂಬುದನ್ನೂ ಮರೆಯದೆ ಗುರುತಿಸಿದ್ದಾನೆ. ಫರಿಶ್ತಾನಾದರೋ ಗವಾನನು ಚಾಪೆಯ ಮೇಲೆ ಮಲಗಿ ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದನೆಂದೂ, ತನ್ನ ಮೈಗೆ ವ್ಯಾಪಾರದ ಲಾಭದಲ್ಲಿ ಅಲ್ಪವನ್ನು ಮಾತ್ರ ಬಳಸಿ ಉಳಿದುದನ್ನು ಬಡವರಿಗೆ ಹಂಚುತ್ತಿದ್ದನೆಂದೂ, ಶುಕ್ರವಾರದ ರಾತ್ರಿ ವೇಷ ಮರೆಸಿಕೊಂಡು ಬೀದಿಬೀದಿಗಳಲ್ಲಿ ದಾನ ಮಾಡುತ್ತಿದ್ದನೆಂದೂ ತಿಳಿಸುತ್ತಾನೆ. ಇವುಗಳಲ್ಲಿ ಒಂದು ನಿಜ, ಒಂದು ಸುಳ್ಳು ಎನ್ನಬೇಕಾಗಿಲ್ಲ. ಪ್ರಧಾನಿಯ ಪದವಿಗೆ ಸಲ್ಲುವ ಆಡಂಬರವು ಬಾಗಿಲಿನ ಹೊರಗೆ ನಡೆದಿರಬೇಕು, ಚಾಪೆಯು ಒಳಗಿನ ಕೋಣೆಯಲ್ಲಿ ಹಾಸಿರಬೇಕು.

ಕೊಂಕಣವನ್ನು ಗೆದ್ದು ಮರಳಿದಾಗ ಸುಲ್ತಾನನು ಒಂದು ವಾರ ಅವನ ಮನೆಯಲ್ಲಿ ಅತಿಥಿಯಾಗಿದ್ದನು. ರಾಜಮಾತೆಯು ಅವನನ್ನು ಅಣ್ಣನೆಂದು ಕರೆದಳು. ಇದಕ್ಕಿಂತ ಹೆಚ್ಚಿನ ಗೌರವವು ಮಂತ್ರಿಯಾದವನಿಗೆ ಇನ್ನಾವುದು? ಅತಿಥಿಗಳು ಹೊರಟುಹೋದ ಮೇಲೆ ಗವಾನನು ಒಳಕೋಣೆಯನ್ನು ಹೊಕ್ಕು, ರಾಜದತ್ತವಾದ ಉಡುಗೆಯನ್ನು ಕಳಚಿ, ನೆಲದ ಮೇಲೆ ಬಿದ್ದು ಅತ್ತನಂತೆ. ಬಳಿಕ ಹೊರಗೆ ಬಂದು ಒಡವೆ ಹಣಗಳನ್ನೆಲ್ಲ ಪಂಡಿತರಿಗೂ ಬಡವರಿಗೂ ಹಂಚಿದನು. ಆನೆ ಕುದುರೆಗಳನ್ನೂ ಪುಸ್ತಕಗಳನ್ನೂ ಮಾತ್ರ ಕೊಡಲಿಲ್ಲ. ಆನೆ ಕುದುರೆಗಳು ಸುಲ್ತಾನನ ಸ್ವತ್ತು, ಪುಸ್ತಕಗಳು ವಿದ್ಯಾರ್ಥಿಗಳ ಸ್ವತ್ತು. ತನ್ನದಲ್ಲದುದನ್ನು ದಾನ ಮಾಡುವ ಹಕ್ಕು ತನಗಿಲ್ಲವೆಂಬುದು ಅವನ ಭಾವನೆಯಾಗಿದ್ದಿತೆಂದು ಹೇಳಿಕೆ.

ಇಷ್ಟನ್ನು ಹೊಗಳಿದ ಮೇಲೆ ಆ ವಿದ್ಯಾಮಂದಿರದ ಮಿತಿಯನ್ನೂ ಹೇಳದಿದ್ದರೆ ನ್ಯಾಯವಾಗದು. ಅಲ್ಲಿ ಪಾಠ ನಡೆದುದು ಅರಬ್ಬಿ ಪಾರಸಿಗಳಲ್ಲಿ. ಸುತ್ತಲಿನ ನಾಡಿನ ಜನರು ಆಡುತ್ತಿದ್ದುದು ಕನ್ನಡ, ಮರಾಠಿ, ತೆಲುಗು; ಆ ನುಡಿಗಳಿಗೆ ಆ ಅಂಗಳದಲ್ಲಿ ಎಡೆಯಿದ್ದ ಸೂಚನೆಯು ಎಲ್ಲಿಯೂ ಕಾಣದು. ಪ್ರಾಂತಗಳನ್ನು ಹಂಚುವಾಗ ಗವಾನನು ಆಫಾಕಿಗಳಿಗೂ ದಖನಿಗಳಿಗೂ ಸಮವಾಗಿ ತೂಗಿಕೊಟ್ಟನು. ವಿದ್ಯೆಯಲ್ಲಿ ಮಾತ್ರ ತಕ್ಕಡಿಯು ಪರದೇಶದ ಕಡೆಗೆ ವಾಲಿದ್ದಿತು. ಹಡಗಿನಿಂದ ಇಳಿದ ಪಂಡಿತನಿಗೆ ದೊರೆಯುವ ಆದರವು ತಮಗೆ ದೊರೆಯದೆಂದು ದಖನಿಗಳು ಕುದಿದಿದ್ದರೆ ಅದನ್ನು ಬರಿಯ ಮತ್ಸರವೆಂದು ತಳ್ಳಿಹಾಕುವುದು ಸರಿಯಲ್ಲ. ಆ ಕುದಿತವನ್ನು ತಮ್ಮ ಸ್ವಾರ್ಥಕ್ಕೆ ಬಳಸಿಕೊಂಡವರ ಕೃತ್ಯವಾದರೋ ಬೇರೆಯೇ ಬಗೆಯದು.

1481ರಲ್ಲಿ ಸುಲ್ತಾನನು ಆಂಧ್ರದೇಶದ ಕೊಂಡಪಲ್ಲಿಯ ಕಡೆಗೆ ದಂಡೆತ್ತಿ ಹೋಗಿದ್ದನು. ದಖನಿಗಳ ಮುಂದಾಳುವಾದ ಮಲಿಕ್ ಹಸನನ ಕಡೆಯವರು ಗವಾನನ ಮುದ್ರೆಯನ್ನು ಕಾಯುತ್ತಿದ್ದ ಸೇವಕನಿಗೆ ಕುಡಿಸಿ ಬರಿಯ ಕಾಗದದ ಮೇಲೆ ಮುದ್ರೆಯನ್ನು ಒತ್ತಿಸಿಕೊಂಡರು. ಒರಿಸ್ಸಾದ ಗಜಪತಿಯನ್ನು ದಂಡೆತ್ತಿ ಬರುವಂತೆ ಕರೆಯುವ ಒಕ್ಕಣೆಯು ಆ ಕಾಗದದ ಮೇಲೆ ಮೂಡಿತು. ಮದ್ಯದ ಅಮಲಿನಲ್ಲಿದ್ದ ಸುಲ್ತಾನನ ಕೈಗೆ ಅದನ್ನು ಕೊಟ್ಟರು. ಹೋಗಬೇಡವೆಂದು ಹಿತೈಷಿಗಳು ತಡೆದರೂ ಗವಾನನು ಕರೆಬಂದೊಡನೆ ಹೋದನು. ಮುದ್ರೆಯು ತನ್ನದೇ, ಬರವಣಿಗೆಯು ತನ್ನದಲ್ಲ ಎಂದು ಅರಿಕೆ ಮಾಡಿಕೊಂಡನು. ಜೀವಮಾನವೆಲ್ಲ ಪತ್ರಲೇಖನದ ಕಲೆಯನ್ನು ಕಲಿತು ಕಲಿಸಿದವನನ್ನು ತಾನು ಬರೆಯದ ಪತ್ರವೊಂದು ಕೊಂದಿತು. 1481ರ ಏಪ್ರಿಲ್ 5ರಂದು ಸುಲ್ತಾನನ ಆಜ್ಞೆಯಂತೆ ಜೌಹರನೆಂಬ ಹಬಸಿಯು ಆ ವೃದ್ಧನ ತಲೆಯನ್ನು ಹೊಡೆದನು. ಆಗ ಗವಾನನಿಗೆ ಸುಮಾರು ಎಪ್ಪತ್ತು ವರ್ಷ.

ರಾಜ್ಯದ ಹಣವೆಲ್ಲ ಮಂತ್ರಿಯ ಮನೆಯಲ್ಲಿ ತುಂಬಿರಬೇಕೆಂದು ನಂಬಿದ್ದ ಸುಲ್ತಾನನು ಅವನ ಕೋಶಾಧಿಕಾರಿಯನ್ನು ಕರೆಯಿಸಿದನು. ಅಲ್ಲಿ ಇದ್ದುವು ಎರಡು ಗಂಟುಗಳು: ಸೈನ್ಯ ಪರಿವಾರಗಳ ವೆಚ್ಚದ್ದು ಒಂದು, ಬಡವರದ್ದು ಒಂದು, ಎರಡರಲ್ಲಿಯೂ ಉಳಿದುದು ಅಲ್ಪವೇ. ನಿಜವು ತಿಳಿದ ಮೇಲೆ ಶವವನ್ನು ಮರ್ಯಾದೆಯಿಂದ ಬೀದರಕ್ಕೆ ಕಳುಹಿಸಿದರು. ಆದರೆ ದಂಡಿನಲ್ಲಿದ್ದ ಸರದಾರರು ಸುಲ್ತಾನನ ಹತ್ತಿರ ಸುಳಿಯಲೂ ಒಪ್ಪದೆ ದೂರದಲ್ಲಿಯೇ ಬೀಡುಬಿಟ್ಟರು. 1482ರ ಮಾರ್ಚಿಯಲ್ಲಿ ಸುಲ್ತಾನನೂ ಸತ್ತನು. ಗವಾನನ ಆಶ್ರಯದಲ್ಲಿ ಬೆಳೆದ ಯೂಸುಫ ಆದಿಲನು ಬಿಜಾಪುರದಲ್ಲಿಯೂ, ಮಲಿಕ್ ಹಸನನ ಮಗನು ಅಹಮದನಗರದಲ್ಲಿಯೂ ಸ್ವತಂತ್ರರಾದರು. ಕೆಲವೇ ದಶಕಗಳಲ್ಲಿ ಒಂದು ರಾಜ್ಯವು ಐದಾಯಿತು.

ವಿದ್ಯಾಮಂದಿರವು ಮಾತ್ರ ರಾಜ್ಯಕ್ಕಿಂತ ಹೆಚ್ಚು ಕಾಲ ಬಾಳಿತು. 1657ರಲ್ಲಿ ಔರಂಗಜೇಬನು ಬೀದರವನ್ನು ಗೆದ್ದ ಮೇಲೆ ಅದರ ಕೋಣೆಗಳಲ್ಲಿ ಸಿಪಾಯಿಗಳು ಸೇರಿಕೊಂಡರು. ಪಾಠಶಾಲೆಗಳಲ್ಲಿ ಮದ್ದಿನ ಪೀಪಾಯಿಗಳನ್ನು ಪೇರಿಸಿದರು. 1696ರ ಸುಮಾರಿಗೆ, ಸಿಡಿಲು ಬಡಿದೆಂದು ಹೇಳುವರು, ಆ ಮದ್ದು ಸಿಡಿದು ಮುಂಭಾಗದ ಬಹುಪಾಲೂ ದಕ್ಷಿಣ ಭಾಗದ ಅರ್ಧವೂ ಹಾರಿಹೋದವು. ಮಹಾದ್ವಾರವೂ ಒಂದು ಮಿನಾರೂ ಅಂದೇ ಅಳಿದುದು. ಓದುವ ಮನೆಯಲ್ಲಿ ಮದ್ದನ್ನು ತುಂಬಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರದಲ್ಲಿದ್ದು ಆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು, ಮುಂದೆ ತಾನು ಬರೆದ ಭಾರತದ ಇತಿಹಾಸದಲ್ಲಿ ಈ ವಿದ್ಯಾಶಾಲೆಯನ್ನು ಆ ಕಾಲದ ಅತ್ಯಂತ ಘನವಾದ ಕಟ್ಟಡಗಳಲ್ಲಿ ಎಣಿಸಿದ್ದಾನೆ. ಹೈದರಾಬಾದ ಸಂಸ್ಥಾನದಲ್ಲಿ 1914ರಲ್ಲಿ ಪುರಾತತ್ತ್ವ ಇಲಾಖೆಯು ಹುಟ್ಟಿದ ಬಳಿಕ ಗುಲಾಮ ಯಜದಾನಿಯವರ ನಿರ್ದೇಶನದಲ್ಲಿ ಬೀದರದ ಸ್ಮಾರಕಗಳ ದುರಸ್ತಿಯೂ ಅಳತೆಯೂ ನಡೆದವು. ಅವರ ಬೀದರದ ಗ್ರಂಥವು 1947ರಲ್ಲಿ ಹೊರಬಂದಿತು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹಾರೂನ್ ಖಾನ್ ಶೇರ್ವಾನಿಯವರು 1942ರಲ್ಲಿ ಗವಾನನ ಜೀವನಚರಿತ್ರೆಯನ್ನು ಪ್ರಕಟಿಸಿದರು. ಇಂದು ಕಟ್ಟಡವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ದಖನಿ ಸುಲ್ತಾನರ ಕಾಲದ ಇತರ ಸ್ಮಾರಕಗಳೊಡನೆ 2014ರಲ್ಲಿ ವಿಶ್ವಪರಂಪರ��ಯ ಸಂಭಾವ್ಯ ತಾಣಗಳ ಯಾದಿಯಲ್ಲಿಯೂ ಸೇರಿತು.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರು ಎತ್ತರದ ಗುಮ್ಮಟಗಳ ಕೆಳಗೆ ಮಲಗಿದ್ದಾರೆ. ಗವಾನನ ಗೋರಿಯು ಅಲ್ಲಿಲ್ಲ. ಅದು ನಗರದ ಮತ್ತೊಂದು ಹೊರವಲಯದಲ್ಲಿ, ಗುಮ್ಮಟವಿಲ್ಲದೆ, ಒಂದು ಕಟ್ಟೆಯ ಮೇಲೆ ಆಕಾಶಕ್ಕೆ ತೆರೆದುಕೊಂಡಿದೆ.